ಗೋಡೆಗೆ ಮೊಳೆ ಹೊಡೆಯುವ ಮುನ್ನ: ಮರಿಯಾನ್ ನಾರ್ತ್ ಗ್ಯಾಲರಿಯಿಂದ ಕಲಿಯಬೇಕಾದ್ದು

ಇವರಿಗೆ:
ರಾಜ್ಯದ ಸಸ್ಯೋದ್ಯಾನ, ವಸ್ತುಸಂಗ್ರಹಾಲಯ, ವಿಶ್ವವಿದ್ಯಾಲಯಗಳಲ್ಲಿ ಹಳೆಯ ಸಸ್ಯಚಿತ್ರಗಳ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ

ಮಾನ್ಯರೇ,

ಹಳೆಯ ಸಸ್ಯಚಿತ್ರಗಳನ್ನು ಕಪಾಟಿನಿಂದ ಹೊರತೆಗೆದು ಜನರಿಗೆ ತೋರಿಸಬೇಕೆಂಬ ಮಾತು ಎದ್ದಾಗಲೆಲ್ಲ ಯಾರಾದರೊಬ್ಬರು ಲಂಡನ್ನಿನ ಕ್ಯೂ ಉದ್ಯಾನದಲ್ಲಿರುವ ಮರಿಯಾನ್ ನಾರ್ತ್ ಗ್ಯಾಲರಿಯ ಫೋಟೋ ಮುಂದಿಡುತ್ತಾರೆ. ಎದೆಯೆತ್ತರದಿಂದ ಮೇಲಕ್ಕೆ, ಗೋಡೆಯೇ ಕಾಣದಷ್ಟು ಒತ್ತೊತ್ತಾಗಿ ಚಿತ್ರಗಳು. ‘ಇಂಥದ್ದೊಂದು ನಮ್ಮಲ್ಲೂ ಆಗಲಿ’ ಎಂಬ ಆಸೆಗೆ ನಮ್ಮ ತಕರಾರಿಲ್ಲ. ಆದರೆ ಆ ಕೋಣೆ ಯಾಕೆ ಹಾಗಿದೆ, ಅಲ್ಲಿ ಏನು ಕೆಟ್ಟಿತು, ಅದನ್ನು ಸರಿಮಾಡಲು ಏನೆಲ್ಲ ಬೇಕಾಯಿತು ಎಂಬುದು ಫೋಟೋದಲ್ಲಿ ಕಾಣುವುದಿಲ್ಲ. ಸಸ್ಯಚಿತ್ರ ರಚನೆ ಮತ್ತು ಕಾಗದದ ಸಂರಕ್ಷಣೆಯ ಕೆಲಸದಲ್ಲಿರುವ ನಾವು, ಮೊಳೆ ಹೊಡೆಯುವ ಮೊದಲೇ ಅದನ್ನೆಲ್ಲ ತಿಳಿಸೋಣವೆಂದು ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಆ ಹೆಣ್ಣುಮಗಳ ಬಗ್ಗೆ. ಮರಿಯಾನ್ ನಾರ್ತ್ ಹುಟ್ಟಿದ್ದು 1830ರಲ್ಲಿ, ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ. ತಂದೆ ಫ್ರೆಡರಿಕ್ ನಾರ್ತ್ ಅದೇ ಊರಿನ ಸಂಸತ್ ಸದಸ್ಯರು. ಅನುಕೂಲಸ್ಥ ಮನೆ. ಸಂಗೀತ ಕಲಿತರು, ಗಂಟಲು ಕೈಕೊಟ್ಟಿತು. ಹೂವಿನ ಚಿತ್ರಕ್ಕೆ ಕೈಹಾಕಿ, ರಾಣಿಯ ಹೂಚಿತ್ರಕಾರರಾಗಿದ್ದ ವ್ಯಾಲೆಂಟೈನ್ ಬಾರ್ಥೊಲೊಮ್ಯೂ ಅವರಲ್ಲಿ ಒಂದಿಷ್ಟು ಪಾಠ ಹೇಳಿಸಿಕೊಂಡರು. ತಾಯಿ 1855ರಲ್ಲಿ ತೀರಿಕೊಂಡ ಮೇಲೆ ತಂದೆಯ ಜೊತೆಗೇ ಯುರೋಪು, ಈಜಿಪ್ಟು, ಸಿರಿಯಾ ಸುತ್ತಿದರು. 1860ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಚಿತ್ರಕಾರ ರಾಬರ್ಟ್ ಡೌಲಿಂಗ್ ತೈಲವರ್ಣದ ರುಚಿ ಹತ್ತಿಸಿದರು; ಮುಂದೆ ಜಲವರ್ಣದ ಕಡೆ ಆಕೆ ತಿರುಗಿ ನೋಡಿದ್ದು ಕಡಿಮೆ. 1869ರಲ್ಲಿ ತಂದೆಯೂ ಹೋದರು. ಮದುವೆಯ ಯೋಚನೆ ಇರಲಿಲ್ಲ, ಕೈಯಲ್ಲಿ ಹಣವಿತ್ತು. ನಲವತ್ತರ ವಯಸ್ಸಿನಲ್ಲಿ, 1871ರಲ್ಲಿ, ಬಣ್ಣದ ಪೆಟ್ಟಿಗೆ ಹಿಡಿದು ಅಮೆರಿಕದ ಹಡಗು ಹತ್ತಿದರು.

ಅಲ್ಲಿಂದ ಮುಂದಿನದು ಭೂಗೋಳದ ಪಾಠ. ಅಮೆರಿಕ, ಕೆನಡಾ, ಜಮೈಕಾ; ಆಮೇಲೆ ಬ್ರೆಜಿಲ್, ಅಲ್ಲಿನ ಮಿನಾಸ್ ಜೆರಾಯಿಸ್ ಪ್ರಾಂತ್ಯದ ಚಿನ್ನದ ಗಣಿಯೂರೊಂದರಲ್ಲಿ ತಿಂಗಳುಗಟ್ಟಲೆ ವಾಸ; ಟೆನೆರಿಫ್; ಕ್ಯಾಲಿಫೋರ್ನಿಯಾ, ಜಪಾನ್, ಬೋರ್ನಿಯೋ ದ್ವೀಪದ ಸರವಾಕ್, ಜಾವಾ, ಸಿಲೋನ್. 1877ರ ಕೊನೆಗೆ ಭಾರತ. ದಕ್ಷಿಣದ ತುದಿಯಿಂದ ಹೊರಟು ಮದುರೆ, ತಂಜಾವೂರು, ನೀಲಗಿರಿ, ತಿರುವಾಂಕೂರು, ಬೊಂಬಾಯಿ, ಅಲ್ಲಿಂದ ಹಿಮಾಲಯದ ಬುಡದವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ತಿರುಗಿದರು. ತಂಜಾವೂರಿನಲ್ಲಿ ನ್ಯಾಯಾಧೀಶರಾಗಿದ್ದ ಸಂಸ್ಕೃತ ವಿದ್ವಾಂಸ ಬರ್ನೆಲ್ ಅವರೊಡನೆ ಮಾತು ನಡೆದದ್ದು ಹಿಂದೂಗಳು ಪೂಜಿಸುವ ಗಿಡಮರಗಳ ಬಗ್ಗೆ. ಆಸ್ಟ್ರೇಲಿಯಾ ನೋಡದೆ ಜಗತ್ತಿನ ಸಸ್ಯಗಳನ್ನು ಬರೆದಿದ್ದೇನೆ ಎನ್ನಬೇಡಿ ಎಂದು ಚಾರ್ಲ್ಸ್ ಡಾರ್ವಿನ್ ಹೇಳಿದ್ದಕ್ಕೆ 1880ರಲ್ಲಿ ಅಲ್ಲಿಗೂ ಹೋದರು. ಕೊನೆಯಲ್ಲಿ ದಕ್ಷಿಣ ಆಫ್ರಿಕಾ, ಸೇಶೆಲ್ಸ್. ಆರೋಗ್ಯ ಆಗಲೇ ಕೆಟ್ಟಿತ್ತು. ಆದರೂ ಅರಕೇರಿಯಾ ಮರವನ್ನು ಅದರ ಸ್ವಂತ ಕಾಡಿನಲ್ಲೇ ನೋಡಿ ಬರೆಯಬೇಕೆಂದು 1884ರಲ್ಲಿ ಚಿಲಿಗೆ ಹೋದರು. 1890ರಲ್ಲಿ ಗ್ಲಾಸ್ಟರ್‌ಶೈರ್‌ನ ಆಲ್ಡರ್ಲಿ ಎಂಬ ಹಳ್ಳಿಯಲ್ಲಿ ತೀರಿಕೊಂಡರು. ಕರ್ನಾಟಕದ ಸಸ್ಯಗಳ ಚಿತ್ರ ಹುಡುಕಿಕೊಂಡು ಆ ಗ್ಯಾಲರಿಗೆ ಹೋಗುವುದು ಬೇಡ. ನಮಗೆ ಅಲ್ಲಿ ಸಿಗುವ ಪಾಠ ಬೇರೆ.

ಆಕೆಯ ಕೆಲಸದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ತೊಂದರೆಗಳ ಬೀಜ ಅಲ್ಲೇ ಇದೆ. ಆ ಕಾಲದ ಸಸ್ಯಚಿತ್ರಕ್ಕೆ ಒಂದು ಕಟ್ಟುಪಾಡು ಇತ್ತು: ಬಿಳಿ ಕಾಗದ, ನಡುವೆ ಒಂದೇ ರೆಂಬೆ, ಕೆಳಗೆ ಹೂವನ್ನು ಸೀಳಿ ಬಿಡಿಸಿದ ಕೇಸರ, ಅಂಡಾಶಯ, ಬೀಜ, ಎಲ್ಲವೂ ಜಲವರ್ಣದಲ್ಲಿ. ನಾರ್ತ್ ಇದನ್ನು ಪಕ್ಕಕ್ಕಿಟ್ಟರು. ದಪ್ಪ ಕಾಗದದ ಮೇಲೆ ಮೊದಲು ಗೆರೆಯಲ್ಲಿ ಆಕಾರ ಹಾಕಿ, ಅದರ ಮೇಲೆ ನೇರವಾಗಿ ಎಣ್ಣೆಬಣ್ಣ. ಮುಂದುಗಡೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹೂವು, ಕಾಯಿ, ಅದರ ಮೇಲೊಂದು ಚಿಟ್ಟೆ. ಹಿಂದುಗಡೆ ಆ ಗಿಡ ಬೆಳೆಯುವ ಬೆಟ್ಟ, ಹೊಳೆ, ಗುಡಿಸಲು. ಗಿಡದ ನೆಲೆ ಯಾವುದು, ನೆರೆಹೊರೆ ಯಾರು ಎಂಬುದೂ ಚಿತ್ರದೊಳಗೇ ಇರುತ್ತದೆ. ಇಂದಿನ ಪರಿಸರ ವಿಜ್ಞಾನಿಗೆ ಇದು ಹಿಡಿಸುತ್ತದೆ. ವರ್ಗೀಕರಣ ಮಾಡುವವರಿಗೆ ಸಿಟ್ಟು ಬರುತ್ತದೆ, ಅದಕ್ಕೂ ಕಾರಣವಿದೆ: ಸೀಳಿದ ಹೂವಿಲ್ಲ, ಅಳತೆ ಇಲ್ಲ. ಮುಂದಿನ ಹೂವು ಹಿಂದಿನ ತೆಂಗಿನ ಮರಕ್ಕಿಂತ ದೊಡ್ಡದಾಗಿ ಕಾಣುವುದರಿಂದ ಗಾತ್ರದ ಅಂದಾಜೂ ತಪ್ಪುತ್ತದೆ. ಚಿತ್ರಕಲೆಯ ಕಣ್ಣಿನಿಂದ ನೋಡಿದರೆ ಹಸಿರು ಹಲವು ಕಡೆ ಹಸಿಯಾಗಿದೆ, ನೆರಳು ಒರಟು. ಇದನ್ನು ಮುಚ್ಚಿಟ್ಟು ಹೊಗಳುವ ಅಗತ್ಯವಿಲ್ಲ.

ತೈಲವರ್ಣ ಯಾಕೆ? ಮಳೆಕಾಡಿನಲ್ಲಿ ಜಲವರ್ಣದೊಡನೆ ಏಗಿದವರಿಗೆ ಉತ್ತರ ಗೊತ್ತು. ಜಲವರ್ಣ ಒಣಗುವುದು ನೀರು ಆರಿಹೋಗಿ. ಗಾಳಿಯಲ್ಲೇ ತೇವ ತುಂಬಿದ್ದರೆ ನೀರು ಆರುವುದಿಲ್ಲ. ಒಂದು ಲೇಪ ಆರುವಷ್ಟರಲ್ಲಿ ಹೂವು ಬಾಡಿರುತ್ತದೆ, ಕಾಗದ ಅಲೆಯೆದ್ದಿರುತ್ತದೆ. ಎಣ್ಣೆಬಣ್ಣ ಗಟ್ಟಿಯಾಗುವುದು ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು. ಅದು ನಿಧಾನವೇ ಸರಿ. ಆದರೆ ಒದ್ದೆ ಬಣ್ಣದ ಪಕ್ಕದಲ್ಲೇ ಇನ್ನೊಂದು ಬಣ್ಣ ಇಡಬಹುದು, ಬಾಡುವ ಮೊದಲು ಹೂವನ್ನು ಹಿಡಿಯಬಹುದು. ಹಿಂಡಿದರೆ ಬರುವ ತವರದ ಟ್ಯೂಬುಗಳು 1841ರಲ್ಲೇ ಬಂದಿದ್ದವು, ಹಾಗಾಗಿ ಬಣ್ಣ ಅರೆಯುವ ಕಲ್ಲು ಹೊರಬೇಕಾಗಿರಲಿಲ್ಲ. ಕ್ಯಾನ್ವಾಸಿನ ಬದಲು ಕಾಗದ ಬಳಸಿದ್ದೂ ಪ್ರಯಾಣದ ಲೆಕ್ಕಾಚಾರವೇ: ಹಗುರ, ಪೆಟ್ಟಿಗೆಯಲ್ಲಿ ಜಾಗ ಕಡಿಮೆ. ಆದರೆ ಕಾಗದಕ್ಕೂ ಎಣ್ಣೆಗೂ ಬಹುಕಾಲ ಹೊಂದುವುದಿಲ್ಲ. ನಡುವೆ ಅಂಟಿನ ತಡೆಪದರ ಸರಿಯಾಗಿಲ್ಲದಿದ್ದರೆ ಎಣ್ಣೆ ನಾರಿಗೆ ಇಳಿಯುತ್ತದೆ, ಕಾಗದ ಕಂದುಗಟ್ಟಿ ಹಪ್ಪಳದಂತಾಗುತ್ತದೆ. ತೇವಕ್ಕೆ ಕಾಗದ ಹಿಗ್ಗುತ್ತದೆ, ಒಣಗಿದ ಬಣ್ಣ ಹಿಗ್ಗುವುದಿಲ್ಲ. ಹೊಂದಾಣಿಕೆ ತಪ್ಪಿದಲ್ಲಿ ಬಿರುಕು, ಆಮೇಲೆ ಚಕ್ಕೆ.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಸರವಾಕ್‌ನ ಸುಣ್ಣಕಲ್ಲಿನ ಬೆಟ್ಟಗಳಿಂದ ಹರ್ಬರ್ಟ್ ಎವೆರೆಟ್ ಎಂಬವರು ಹೂಜಿಗಿಡದ ಬಳ್ಳಿಗಳನ್ನು ತಂದುಕೊಟ್ಟರು. ಎಲೆಯ ತುದಿ ಕುಡಿಯಾಗಿ ಇಳಿದು, ಅದರ ಕೊನೆ ಅಡಿಯುದ್ದದ ಹೂಜಿಯಾಗಿ ಊದಿಕೊಂಡ ಕೀಟಭಕ್ಷಕ ಗಿಡ ಅದು. ಹೊಟ್ಟೆಯ ಮೇಲೆ ಕೆಂಪು ಮಚ್ಚೆ, ಬಾಯಿಯ ಸುತ್ತ ಹೊರಕ್ಕೆ ಮಡಿಚಿದ ಅಗಲವಾದ ಪಟ್ಟೆಪಟ್ಟೆ ಅಂಚು. ಆ ಚಿತ್ರವನ್ನು ಇಂಗ್ಲೆಂಡಿನಲ್ಲಿ ನೋಡಿದ ವೀಚ್ ನರ್ಸರಿಯವರು ಗಿಡ ಹುಡುಕಲು ಸಂಗ್ರಾಹಕನನ್ನೇ ಕಳುಹಿಸಿದರು. ಅದು ವಿಜ್ಞಾನಕ್ಕೆ ಹೊಸ ಪ್ರಭೇದವಾಗಿತ್ತು. ಕ್ಯೂ ಉದ್ಯಾನದ ನಿರ್ದೇಶಕ ಜೋಸೆಫ್ ಹೂಕರ್ 1881ರಲ್ಲಿ ಅದಕ್ಕೆ ನೆಪೆಂಥಿಸ್ ನಾರ್ತಿಯಾನಾ ಎಂದು ಹೆಸರಿಟ್ಟರು. ಸೇಶೆಲ್ಸ್‌ನ ಒಂದು ಮರದ ಕುಲಕ್ಕೇ ನಾರ್ತಿಯಾ ಎಂಬ ಹೆಸರು ಬಂತು. ಇದಕ್ಕಿಂತ ನಿಮಗೆ ಮುಖ್ಯವಾದ ಸಂಗತಿ 2021ರದು. 1876ರಲ್ಲಿ ಸರವಾಕ್‌ನ ಮಾತಾಂಗ್ ಕಾಡಿನಲ್ಲಿ ಬರೆದ ಚಿತ್ರವೊಂದರಲ್ಲಿದ್ದ ನೀಲಿ ಹಣ್ಣಿನ ಗಿಡ ಯಾವುದಕ್ಕೂ ತಾಳೆಯಾಗದ್ದನ್ನು ಕ್ಯೂನ ಚಿತ್ರಕಾರರೊಬ್ಬರು ಗಮನಿಸಿದರು. ಹರ್ಬೇರಿಯಂನ (ಒಣಗಿಸಿದ ಸಸ್ಯಗಳ ಸಂಗ್ರಹದ) ಒಣ ಮಾದರಿಯೊಂದಿಗೆ ಹೋಲಿಸಿ ಅದನ್ನು ಚಸಾಲಿಯಾ ನಾರ್ತಿಯಾನಾ ಎಂಬ ಹೊಸ ಪ್ರಭೇದವೆಂದು ಪ್ರಕಟಿಸಲಾಯಿತು. ಸುಮಾರು 140 ವರ್ಷ ಗೋಡೆಯ ಮೇಲೆ ಎಲ್ಲರ ಕಣ್ಣೆದುರೇ ಇದ್ದ ಗಿಡ. ಪತ್ತೆಯಾಗಲು ಚಿತ್ರದೊಡನೆ ಉಳಿದಿದ್ದ ಊರಿನ ಹೆಸರು ನೆರವಾಯಿತು. ‘ಹೂವು, ಹಳೆಯ ಚಿತ್ರ’ ಎಂದಷ್ಟೇ ಚೀಟಿ ಹಚ್ಚಿದ್ದರೆ ಯಾವ ಹರ್ಬೇರಿಯಂನ ಯಾವ ಕಪಾಟು ತೆರೆಯಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಇನ್ನು ಆ ಕೋಣೆ. 1879ರ ಆಗಸ್ಟಿನಲ್ಲಿ ನಾರ್ತ್ ಹೂಕರ್ ಅವರಿಗೆ ಪತ್ರ ಬರೆದು, ಚಿತ್ರಗಳನ್ನೂ ಅವನ್ನಿಡಲು ಕಟ್ಟಡವನ್ನೂ ತಾವೇ ಕೊಡುವುದಾಗಿ ಹೇಳಿದರು. ಜಾಗ ಮುಖ್ಯ ಬಾಗಿಲುಗಳಿಂದ ದೂರವಿರಲಿ, ನಡೆದು ದಣಿದವರು ಒಳಬಂದು ಕೂರಲಿ, ಚಹಾ ಕಾಫಿಯೂ ಸಿಗಲಿ ಎಂಬುದು ಆಕೆಯ ಇಚ್ಛೆ. ಚಹಾ ಕಾಫಿಗೆ ಹೂಕರ್ ಒಪ್ಪಲಿಲ್ಲ. ಸರಿ, ಬಾಗಿಲಿನ ಸುತ್ತ ಚಹಾ ಮತ್ತು ಕಾಫಿ ಗಿಡಗಳನ್ನು ಬರೆದು ಆಕೆ ತಮ್ಮ ಮಾತು ಉಳಿಸಿಕೊಂಡರು! ವಿನ್ಯಾಸ ಜೇಮ್ಸ್ ಫರ್ಗುಸನ್ ಅವರದು; ಭಾರತದಲ್ಲಿ ನೀಲಿ ಬಣ್ಣದ (ಇಂಡಿಗೊ) ವ್ಯಾಪಾರ ಮಾಡಿ, ಆಮೇಲೆ ನಮ್ಮ ದೇವಾಲಯಗಳ ವಾಸ್ತುವಿನ ಇತಿಹಾಸ ಬರೆದವರು. ಹೊರಗೆ ನಮ್ಮ ಬಂಗಲೆಗಳಂತೆ ಜಗುಲಿ, ಒಳಗೆ ಗೋಡೆಯ ನೆತ್ತಿಯಲ್ಲಿ ಸಾಲು ಕಿಟಕಿ. ಗ್ರೀಕ್ ಗುಡಿಗಳಿಗೆ ಬೆಳಕು ಹೀಗೆ ಮೇಲಿನಿಂದ ಬರುತ್ತಿತ್ತು ಎಂಬುದು ಫರ್ಗುಸನ್ ವಾದ. ವಾದ ಹೇಗೇ ಇರಲಿ, ಚಿತ್ರ ನೋಡುವವರಿಗೆ ಅದರಿಂದ ಲಾಭವಾಯಿತು: ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ, ಕಿಟಕಿಗೆ ಹೋಗಬೇಕಾದ ಗೋಡೆಯೂ ಉಳಿಯುತ್ತದೆ.

ಒಳಗಿನ ಜೋಡಣೆ ಆಕೆಯದೇ. ಚಿತ್ರಗಳನ್ನು ದೇಶವಾರು ಗುಂಪು ಮಾಡಿದರು, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟರು, ಬಾಗಿಲ ಚೌಕಟ್ಟು ಮತ್ತು ಅಂಚುಗಳಿಗೆ ಕೈಯಾರೆ ಬಣ್ಣ ಬಳಿದರು. ಚಿತ್ರಗಳ ಕೆಳಗೆ ಗೋಡೆಗೆ 246 ಬಗೆಯ ಮರದ ಹಲಗೆಗಳನ್ನು ಹೊದಿಸಿದರು. ಕ್ಯೂನ ಸಸ್ಯವಿಜ್ಞಾನಿ ಬಾಟಿಂಗ್ ಹೆಮ್ಸ್ಲಿ ಸಂಖ್ಯೆಗೆ ತಕ್ಕಂತೆ ಕ್ಯಾಟಲಾಗ್ ಸಿದ್ಧಪಡಿಸಿದರು. 1882ರಲ್ಲಿ ಗ್ಯಾಲರಿ ತೆರೆಯಿತು. ಆಮೇಲಿನ ಪ್ರಯಾಣಗಳ ಚಿತ್ರಗಳಿಗೆ ಜಾಗ ಸಾಲದೆ ಇನ್ನೊಂದು ಕೋಣೆ ಸೇರಿತು, ಜೋಡಣೆ ಸಂಖ್ಯೆ ಎಲ್ಲವನ್ನೂ ಆಕೆ ಹೊಸದಾಗಿ ಮಾಡಿದರು. ಇಂದು ಅಲ್ಲಿ 800ಕ್ಕೂ ಹೆಚ್ಚು ಚಿತ್ರಗಳಿವೆ. ದಟ್ಟವಾಗಿ ತೂಗುಹಾಕಿದ್ದು ಬರೀ ಅಂದಕ್ಕಲ್ಲ ಎಂಬುದನ್ನು ಗಮನಿಸಬೇಕು: ಒಂದು ದೇಶದ ಸಸ್ಯಸಂಪತ್ತನ್ನು ಒಂದೇ ನೋಟದಲ್ಲಿ ತೋರಿಸುವ ಯೋಜನೆ ಅದು, ಸಂಖ್ಯೆ ಮತ್ತು ಕ್ಯಾಟಲಾಗ್ ಅದರ ಬೆನ್ನೆಲುಬು. ಅದಿಲ್ಲದೆ ಬರೀ ದಟ್ಟಣೆಯನ್ನು ನಕಲು ಮಾಡಿದರೆ ನಮಗೆ ಸಿಗುವುದು ಫ್ರೇಮಿನಂಗಡಿ. ಮೇಲಿನ ಸಾಲಿನ ಚಿತ್ರಗಳನ್ನು ನೋಡಲು ಕತ್ತು ನೋಯುತ್ತದೆ ಎಂಬುದೂ ನಿಜ. ಅಷ್ಟು ಎತ್ತರದಲ್ಲಿ ವಿವರ ಕಾಣುವುದಿಲ್ಲ.

ಇಷ್ಟೆಲ್ಲ ಯೋಚಿಸಿದ ಹೆಣ್ಣುಮಗಳು ಕಟ್ಟಿಸಿದ ಕೋಣೆಯಲ್ಲೂ ಚಿತ್ರಗಳು ಕೆಟ್ಟವು. ಕಾಗದ ಉಳಿಯಬೇಕಾದರೆ ತೇವಾಂಶ ಒಂದೇ ಸಮನಾಗಿರಬೇಕು, ಹತ್ತೊಂಬತ್ತನೇ ಶತಮಾನದ ಕಟ್ಟಡಕ್ಕೆ ಆ ವ್ಯವಸ್ಥೆ ಇರಲಿಲ್ಲ. ಮೇಲಿನ ಕಿಟಕಿಗಳಿಂದ ಬೆಳಕಿನ ಜೊತೆ ಬಿಸಿಲಿನ ಕಾವೂ ಇಳಿಯುತ್ತಿತ್ತು, ಛಾವಣಿ ಸೋರುತ್ತಿತ್ತು. ಕೊನೆಗೆ ಬ್ರಿಟನ್ನಿನ ಲಾಟರಿ ಹಣದಿಂದ ನಡೆಯುವ ಪರಂಪರೆ ನಿಧಿಯ ದೊಡ್ಡ ಅನುದಾನ ಪಡೆದು 2008ರಿಂದಾಚೆಗೆ ಕಟ್ಟಡವನ್ನು ದುರಸ್ತಿ ಮಾಡಿದರು. ಚಿತ್ರಗಳನ್ನು ಇಳಿಸಿ, ಒಂದೊಂದನ್ನೂ ಸಂರಕ್ಷಣಾ ಮೇಜಿಗೆ ತಂದು ಶುಚಿಮಾಡಿ, ಮತ್ತೆ ಅದೇ ಜಾಗಕ್ಕೆ ಏರಿಸಿದರು. ನಮ್ಮಲ್ಲಿ ಅಂಥ ಎರಡನೇ ಅವಕಾಶಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಅದಕ್ಕೇ ಮೊದಲ ಸಲವೇ ಸರಿಮಾಡಿ ಎನ್ನುವುದು.

ಲಾಲ್‌ಬಾಗಿಗೂ ಕ್ಯೂಗೂ ಇರುವ ನಂಟು ನಿಮಗೆ ಗೊತ್ತು. 1874ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಲಾಲ್‌ಬಾಗನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಕ್ಯೂನಿಂದ ಬಂದವರು, ಅವರ ನಂತರ ಬಂದ ಕ್ರುಂಬಿಗಲ್ ಕೂಡ ಅಲ್ಲಿ ಕೆಲಸ ಮಾಡಿದವರೇ. ಕ್ಯಾಮರಾನ್ ಕಾಲದಲ್ಲಿ ಲಾಲ್‌ಬಾಗಿನಲ್ಲಿದ್ದ ಚಿತ್ರಕಾರ ಚೆಲುವಯ್ಯ ರಾಜು ಬರೆದ ಸಸ್ಯಚಿತ್ರಗಳು ನಾರ್ತ್ ಚಿತ್ರಗಳಿಗಿಂತ ಬೇರೆಯೇ ಜಾತಿಯವು: ಕಾಗದದ ಮೇಲೆ ಜಲವರ್ಣ, ಹಿನ್ನೆಲೆ ಖಾಲಿ, ನಿಖರವಾದ ಗೆರೆ. ಕಾಗದದ ಮೇಲಿನ ಜಲವರ್ಣ ಬೆಳಕಿನ ವಿಷಯದಲ್ಲಿ ತೈಲವರ್ಣಕ್ಕಿಂತ ಬಹಳ ಸೂಕ್ಷ್ಮ. ಕ್ಯೂನ ಗೋಡೆಯ ಮೇಲೆ ತೈಲವರ್ಣ ತಡೆದುಕೊಂಡದ್ದನ್ನು ನಮ್ಮ ಜಲವರ್ಣವೂ ತಡೆದೀತು ಎಂದುಕೊಂಡರೆ ಕೆಟ್ಟೆವು.

ಲೆಕ್ಕ ಹೀಗಿದೆ. ಜಲವರ್ಣಕ್ಕೆ ಬೆಳಕು 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಮೀರಬಾರದು. ದಿನಕ್ಕೆ 8 ಗಂಟೆಯಂತೆ 90 ದಿನ ತೋರಿಸಿದರೆ 36,000 ಲಕ್ಸ್-ಗಂಟೆ. ಒಂದು ಚಿತ್ರಕ್ಕೆ ವರ್ಷಕ್ಕೆ ಅಷ್ಟು ಸಾಕು, ಆಮೇಲೆ ಅದು ಕತ್ತಲ ಪೆಟ್ಟಿಗೆಗೆ ಮರಳಬೇಕು. ಕಿಟಕಿ ಪಕ್ಕದ ಗೋಡೆಯಲ್ಲಿ ಹಗಲು 1,000 ಲಕ್ಸ್ ಇರುವುದು ಮಾಮೂಲು. ಅಲ್ಲಿ ಇದೇ ಕೋಟಾ ನಾಲ್ಕೂವರೆ ದಿನಕ್ಕೆ ಮುಗಿಯುತ್ತದೆ. ಎಸಿ ಹಾಕಿದರೆ ಬಣ್ಣ ಹಾರುವುದಿಲ್ಲ ಎಂಬ ನಂಬಿಕೆ ತಪ್ಪು, ಬೆಳಕು ಮಾಡುವ ಹಾನಿಯೇ ಬೇರೆ. ಲಕ್ಸ್ ಮೀಟರನ್ನು ಚಿತ್ರದ ಮೇಲ್ಮೈಯಲ್ಲಿಟ್ಟು ಓದಬೇಕು, ಕೋಣೆಯ ನಡುವೆ ಹಿಡಿದಲ್ಲ. ಹಳೆಯ ಚಿತ್ರದಲ್ಲಿ ಎಲೆಗಳು ನೀಲಿಯಾಗಿ ಕಂಡರೆ ಚಿತ್ರಕಾರ ಹಾಗೆ ಬರೆದನೆಂದುಕೊಳ್ಳಬೇಡಿ: ನೀಲಿಗೆ ಹಳದಿ ಬೆರೆಸಿ ಮಾಡಿದ ಹಸಿರಿನಲ್ಲಿ ಹಳದಿ ಹಾರಿಹೋಗಿರಬಹುದು. ಬಿಳಿ ಹೂವು ಬೂದಿಬಣ್ಣಕ್ಕೆ ತಿರುಗಿದ್ದರೆ ಸೀಸದ ಬಿಳಿ ಗಾಳಿಯ ಗಂಧಕಕ್ಕೆ ಕಪ್ಪಾಗಿರಬಹುದು. ಅದನ್ನು ಕೊಳೆ ಎಂದು ಉಜ್ಜಿದರೆ ಹೂವೇ ಹೋಗುತ್ತದೆ. ಹತ್ತೊಂಬತ್ತನೇ ಶತಮಾನದ ಕೆಲವು ಹಸಿರುಗಳಲ್ಲಿ ಆರ್ಸೆನಿಕ್ ಇರುತ್ತಿತ್ತು, ಆದ್ದರಿಂದ ಬಣ್ಣ ಪುಡಿಯುದುರುವ ಹಾಳೆಗಳನ್ನು ನೈಟ್ರೈಲ್ ಗ್ಲೌಸ್ ಹಾಕಿಯೇ ಮುಟ್ಟಬೇಕು.

ತೇವಾಂಶ 45ರಿಂದ 55 ಶೇಕಡಾ ಇದ್ದರೆ ಒಳ್ಳೆಯದು, 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುವುದು ಖಚಿತವೆಂದೇ ತಿಳಿಯಿರಿ. ಕರಾವಳಿಯ ಮಳೆಗಾಲದಲ್ಲಿ ಅದು 80ರ ಮೇಲೇ ಇರುತ್ತದೆ, ಬಯಲುಸೀಮೆಯ ಮಾರ್ಚಿನಲ್ಲಿ 30ಕ್ಕೆ ಇಳಿಯುತ್ತದೆ. ಬೆಳಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದಕ್ಕೆ ಆರಿಸುವ ಎಸಿಗಿಂತ ಎಸಿ ಇಲ್ಲದ, ದಪ್ಪ ಗೋಡೆಯ, ಉತ್ತರ ದಿಕ್ಕಿನ ಕೋಣೆಯೇ ಎಷ್ಟೋ ವಾಸಿ. ಕಾಗದಕ್ಕೆ ದಿನವೂ ಹಿಗ್ಗಿ ಕುಗ್ಗುವ ಶಿಕ್ಷೆ ತಪ್ಪುತ್ತದೆ. ಹೊರಗೋಡೆಗೆ, ಅದರಲ್ಲೂ ಆಚೆ ಬದಿಗೆ ಶೌಚಾಲಯವೋ ನೀರಿನ ಪೈಪೋ ಇರುವ ಗೋಡೆಗೆ ಚಿತ್ರ ತೂಗುಹಾಕಲೇಬೇಡಿ. ಹಾಕಲೇಬೇಕಾದರೆ ಫ್ರೇಮಿನ ಹಿಂದೆ ಮೂಲೆಗೊಂದು ಬಿರಡೆ ಕೂರಿಸಿ ಗಾಳಿಯಾಡಲು ಜಾಗ ಬಿಡಿ.

ಫ್ರೇಮಿನ ಕೆಲಸ ಟೆಂಡರಿನಲ್ಲಿ ಅತಿ ಕಡಿಮೆ ದರದವರಿಗೆ ಹೋಗುತ್ತದೆ. ಅವರು ಮಾಡುವುದನ್ನು ನಾವು ಬಿಚ್ಚಿ ನೋಡಿದ್ದೇವೆ: ಹಿಂದೆ ಹಾರ್ಡ್‌ಬೋರ್ಡು, ಚಿತ್ರಕ್ಕೆ ಫೆವಿಕಾಲು, ಅಂಚಿಗೆ ಸೆಲ್ಲೋಟೇಪು, ಗಾಜು ನೇರವಾಗಿ ಬಣ್ಣದ ಮೇಲೆ. ಹಾರ್ಡ್‌ಬೋರ್ಡಿನ ಆಮ್ಲ ಕಾಗದಕ್ಕೆ ಇಳಿಯುತ್ತದೆ, ಟೇಪಿನ ಗೋಂದು ಕೆಲವೇ ವರ್ಷಗಳಲ್ಲಿ ಕಂದು ಕಲೆ ಬಿಡುತ್ತದೆ, ಗಾಜಿಗೆ ಬಣ್ಣ ಅಂಟಿಕೊಳ್ಳುತ್ತದೆ. ಟೆಂಡರಿನ ಷರತ್ತಿನಲ್ಲೇ ಬರೆಯಿರಿ: ಆಮ್ಲರಹಿತ ಮೌಂಟ್‌ಬೋರ್ಡು, ಚಿತ್ರದ ಮೇಲಂಚಿನಲ್ಲಿ ಮಾತ್ರ ಜಪಾನಿ ಕಾಗದದ ಎರಡು ಪಟ್ಟಿ, ಗೋಧಿ ಪಿಷ್ಟದ ಅಂಟಿನಿಂದ, ಗಾಜಿಗೂ ಚಿತ್ರಕ್ಕೂ ನಡುವೆ ಕನಿಷ್ಠ 3 ಮಿಲಿಮೀಟರ್ ಅಂತರ, ಮೂಲ ಹಾಳೆಯ ಅಂಚು ಕತ್ತರಿಸಕೂಡದು, ಹಿಂಬದಿಯ ಪೆನ್ಸಿಲ್ ಟಿಪ್ಪಣಿ ಅಳಿಸಕೂಡದು. ಆ ಹಿಂಬದಿಯ ಫೋಟೋವನ್ನೂ ತೆಗೆಸಿ. ಲ್ಯಾಮಿನೇಷನ್ ಅಂತೂ ಯಾವ ಕಾರಣಕ್ಕೂ ಬೇಡ, ಒಮ್ಮೆ ಹಾಕಿದ್ದನ್ನು ಕಾಗದ ಹರಿಯದೆ ಬಿಡಿಸಲಾಗದು.

ಗೋಡೆ ತುಂಬ ಚಿತ್ರ ಬೇಕೇ ಬೇಕು ಎಂದರೆ ದಾರಿ ಇದೆ. ಮೂಲಗಳನ್ನು ಬಣ್ಣದ ಅಳತೆಪಟ್ಟಿಯ ಜೊತೆ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಎ3 ಹಾಳೆಯೊಂದಕ್ಕೆ ಸುಮಾರು 200 ಎಂಬಿಯ ಟಿಫ್ ಫೈಲು ಬರುತ್ತದೆ. ಜೇಪೆಗ್ ಮಾತ್ರ ಇಟ್ಟುಕೊಂಡು ಟಿಫ್ ಅಳಿಸಬೇಡಿ. ಬಣ್ಣ ಸಡಿಲವಾದ ಹಾಳೆಯನ್ನು ಸ್ಕ್ಯಾನರಿನ ಗಾಜಿಗೆ ಒತ್ತದೆ ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಬೇಕು. ಪಿಗ್ಮೆಂಟ್ ಶಾಯಿಯಲ್ಲಿ ಮ್ಯಾಟ್ ಕಾಗದದ ಮೇಲೆ ಮೂಲದ ಅಳತೆಗೇ ಮುದ್ರಿಸಿ ಗೋಡೆ ತುಂಬಿಸಿ, ಯಾರಿಗೂ ನಷ್ಟವಿಲ್ಲ. ಫ್ಲೆಕ್ಸ್ ಬೇಡ. ಮೂಲಗಳಲ್ಲಿ ಎಂಟೋ ಹತ್ತೋ ಒಂದು ಮೂಲೆಯ ಮಂದ ಬೆಳಕಿನಲ್ಲಿರಲಿ, ಮೂರು ತಿಂಗಳಿಗೊಮ್ಮೆ ಬದಲಾಗಲಿ. ನೋಡುವವರೂ ಮತ್ತೆ ಬರುತ್ತಾರೆ.

ಜೋಡಣೆಯಲ್ಲಿ ನಾರ್ತ್ ಅವರನ್ನು ಧಾರಾಳವಾಗಿ ಅನುಸರಿಸಿ, ಒಂದು ಕಡೆ ಮಾತ್ರ ಅವರಿಗಿಂತ ಮುಂದೆ ಹೋಗಿ. ಆಕೆ ಹೋದಲ್ಲೆಲ್ಲ ಗವರ್ನರುಗಳ ಬಂಗಲೆ, ಶಿಫಾರಸು ಪತ್ರ, ಹೊರುವ ಆಳುಗಳು ಇದ್ದರು. ಕಾಡಿನಿಂದ ಗಿಡ ಕಿತ್ತು ತಂದ, ದೋಣಿ ನಡೆಸಿದ, ಗಿಡದ ಸ್ಥಳೀಯ ಹೆಸರು ಹೇಳಿದ ಜನರ ಹೆಸರು ಗ್ಯಾಲರಿಯ ಗೋಡೆಯಲ್ಲಿ ಸಿಗುವುದಿಲ್ಲ. ನಮ್ಮ ಚಿತ್ರಗಳ ಚೀಟಿಯಲ್ಲಿ ಲ್ಯಾಟಿನ್ ಹೆಸರಿಗಿಂತ ಮೇಲೆ ಕನ್ನಡದ ಹೆಸರು, ಜೊತೆಗೆ ತುಳು, ಕೊಡವ, ಸೋಲಿಗ ಹೆಸರು ದಾಖಲಾಗಿದ್ದರೆ ಅವೂ ಬರಲಿ. ಗಿಡ ಸಿಕ್ಕ ಊರು, ಬರೆದ ತಿಂಗಳು, ಮೂಲದ ಅಳತೆ ಸೆಂಟಿಮೀಟರಿನಲ್ಲಿ, ದಾಖಲೆ ಸಂಖ್ಯೆ ಇರಲಿ. ಚಿತ್ರಕಾರರ ಹೆಸರನ್ನು ಕಾಣುವಷ್ಟು ದಪ್ಪಕ್ಷರದಲ್ಲಿ ಹಾಕಿಸಿ. ಸಹಿ ಇಲ್ಲದ ಹಾಳೆಗೆ ಊಹೆಯ ಹೆಸರು ಬೇಡ, ‘ಉದ್ಯಾನದ ಚಿತ್ರಕಾರ’ ಎಂದು ಬರೆದು ಸಹಿ ಇರುವ ಹಾಳೆಗಳೊಂದಿಗೆ ಹೋಲಿಸುವ ಕೆಲಸವನ್ನು ಯಾರಿಗಾದರೂ ವಹಿಸಿ. ಟೆಂಡರ್ ಕರೆಯುವ ಮೊದಲು ಅದರ ಕರಡನ್ನು ಒಬ್ಬ ಕಾಗದ ಸಂರಕ್ಷಕರಿಗೂ ಒಬ್ಬ ಸಸ್ಯವಿಜ್ಞಾನಿಗೂ ತೋರಿಸಬೇಕೆಂದು ಕೋರುತ್ತೇವೆ.

ಇತಿ,
ಸಸ್ಯಚಿತ್ರ ಮತ್ತು ಕಾಗದ ಸಂರಕ್ಷಣೆಯಲ್ಲಿ ತೊಡಗಿರುವ ಕೆಲವರು